ಸೇತುವೆ ಮೇಲಿನ ಸಂಡಿಗೆ ಶಿವಮ್ಮ

ಶಿವಮ್ಮನ ಬಾಯಿಗೆ ಹೆದರಿ ಕಾಗೆಗಳೂ ನಮ್ಮ ಮೇಲ್ಸೇತುವೆ ಕಡೆ ಸುಳಿಯುತ್ತಿರಲಿಲ್ಲ. ಹಣೆ ತುಂಬ ವಿಭೂತಿ, ಕೈಯಲ್ಲೊಂದು ಉದ್ದನೆ ಕೋಲು, ಮುಂದೆ ಹಳೇ ಪಂಚೆಗಳ ಮೇಲೆ ಸಾಲುಸಾಲು ಸಂಡಿಗೆ. ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಮುಚ್ಚುಮರೆ ಯಾಕೆ, ಅವಳನ್ನು ಕಂಡರೆ ನನಗೆ ಆಗುತ್ತಲೇ ಇರಲಿಲ್ಲ.

ವಿದ್ಯಾರಣ್ಯಪುರಂನ ನಮ್ಮ ಬೀದಿ ಕೊನೆಯ ಆ ಸೇತುವೆ ತೊಂಬತ್ತರ ದಶಕದಲ್ಲಿ ಬಿರುಕು ಬಿಟ್ಟಿತು. ಎರಡೂ ತುದಿಗೆ ಗೋಡೆ ಎಬ್ಬಿಸಿ ಗಾಡಿ ಓಡಾಟ ನಿಲ್ಲಿಸಿದರು. ಪಕ್ಕದ ವಠಾರದಲ್ಲಿ ಶಿವಮ್ಮನದು ಬಿಸಿಲೇ ಬೀಳದ ಒಂಟಿ ಕೋಣೆ. ಗಂಡ ಹೋದ ಮೇಲೆ ಸಂಡಿಗೆ ಮಾರಿಯೇ ಅವಳ ಬದುಕು. ಗೋಡೆಯ ಸಂದಿಯಲ್ಲಿ ನುಗ್ಗಿ ಇಡೀ ಸೇತುವೆಯನ್ನು ತನ್ನ ಅಂಗಳ ಮಾಡಿಕೊಂಡುಬಿಟ್ಟಳು. ಯಾರೇ ಬರಲಿ, "ಚಪ್ಲಿ ಬುಡಿ! ತಿನ್ನೋ ಪದಾರ್ಥ ಅದೆ, ಕಣ್ ಕಾಣಾಕಿಲ್ವಾ?" ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ನಾನು ಹೋದರೆ, "ಊರಲ್ಲಿ ಬ್ಯಾರೆ ರಸ್ತೆ ಸತ್ತೋಗವಾ?" ಎಂದು ಕೋಲು ಎತ್ತುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸೇತುವೆಯನ್ನು ಪಾರ್ಕ್ ಮಾಡುವ ಮಾತು ಬಂತು. ಅದಕ್ಕೆ ಓಡಾಡಿದವಳು ನಾನೇ, ಪಾಲಿಕೆ ಎಂಜಿನಿಯರನ್ನು ಮೇಲೆ ಕರೆದೊಯ್ದವಳೂ ನಾನೇ. ಅಳಿಸಿಹೋದ ಬಿಳಿ ಗೆರೆ, ಟಾರಿನ ಬಿರುಕಲ್ಲಿ ಗರಿಕೆ, ಕಟ್ಟೆಯಲ್ಲಿ ಬೇರೂರಿದ ಅರಳಿ ಸಸಿ, ಎಲ್ಲ ನೋಡುತ್ತಾ ನಡುಸೇತುವೆಗೆ ಬಂದೆವು. ಶಿವಮ್ಮ ಎದ್ದಳು. ಎಂಜಿನಿಯರು ತೆಪ್ಪಗೆ ಬೂಟು ಬಿಚ್ಚಿದರು. ಮಟಮಟ ಮಧ್ಯಾಹ್ನ, ಕಾದ ಟಾರು. ಪಾಪ, ಕಾಲು ಎತ್ತೆತ್ತಿ ಇಡುತ್ತಲೇ ಅವಳ ಕಷ್ಟವನ್ನೆಲ್ಲ ಕೇಳಿ ಕರಗಿಹೋದರು.

"ಯೋಚನೆ ಮಾಡ್ಬೇಡಿ ಕಣಮ್ಮ. ಈ ಬಿಸಿಲಲ್ಲಿ ಯಾಕೆ ಬೇಯ್ತೀರಿ? ಇಲ್ಲೇ ಒಂದು ಶೆಡ್ ಹಾಕಿಸ್ಕೊಡ್ತೀನಿ. ಸುತ್ತ ಬಳ್ಳಿ ಚಪ್ಪರ, ಒಳ್ಳೆ ನೆರಳು."

"ನೆಳ್ಳಾ?" ಶಿವಮ್ಮ ಕೂಗಿದಳು. "ನೆಳ್ಳಲ್ಲಿ ಸಂಡಿಗೆ ಒಣಗ್ಸೋದು ನಿಮ್ಮವ್ವ ಕಲ್ಸವ್ಳಾ? ನಂಗ್ ಬಿಸ್ಲು ಬುಡ್ರಯ್ಯಾ, ಬಿಸ್ಲು!"

ನನಗೆ ನಗು ತಡೆಯಲಾಗಲಿಲ್ಲ. ಅವಳು ನನ್ನ ಕಡೆ ತಿರುಗಿ, "ನಗು ಕಣಮ್ಮ, ನಗು. ನಿಂಗೆ ತಾರ್ಸಿ ಅದೆ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಪಾರ್ಕಾಯಿತು. ಎಂಜಿನಿಯರು ಮಾತಿಗೆ ತಪ್ಪದೆ ಶೆಡ್ಡನ್ನೂ ಹಾಕಿಸಿದರು. ಚಪ್ಪರದ ಮೇಲೆ ಬಳ್ಳಿ ಹಬ್ಬಿತು. ಉಳಿದ ಕಡೆಯೆಲ್ಲ ಹೂಗಿಡ, ಬೆಂಚು; ಸಂಡಿಗೆ ಹಾಸಲು ಬಿಸಿಲಿನ ಜಾಗವೇ ಉಳಿಯಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಶಿವಮ್ಮ ಬೂಷ್ಟು ಹಿಡಿದ ಸಂಡಿಗೆಯನ್ನು ಬೀದಿ ಹಸುವಿನ ಮುಂದೆ ಸುರಿಯುತ್ತಿದ್ದಾಳೆ. ಅಯ್ಯೋ ಅನ್ನಿಸಿತು, ಸಿಟ್ಟೂ ಬಂತು.

"ಆ ನೆರಳಲ್ಲೇ ಒಣಗಿಸ್ತೀನಿ ಅಂತ ಅದೇನು ಹಟಾನೇ ನಿಂದು? ಬಾ, ನಮ್ಮ ತಾರಸಿ ಮೇಲೆ ಹಾಕ್ಕೋ" ಎಂದು ಗದರಿದೆ.

ಅವಳು ಕೈ ಕೊಡವಿಕೊಂಡು ನನ್ನನ್ನೇ ನೋಡಿದಳು. "ಬತ್ತೀನಿ. ನಿನ್ ತಾರ್ಸಿಲಿ ನಿಂತ್ಕಂಡು ನಿನ್ನ ಬಯ್ಯಾಕಾಯ್ತದಾ?"

ಅವಳು ನಮ್ಮ ತಾರಸಿ ಹತ್ತಲೇ ಇಲ್ಲ. ಆ ಬೇಸಿಗೆ ಮುಗಿಯುವ ಮೊದಲೇ ಅವಳು ಕೋಣೆ ಖಾಲಿ ಮಾಡಿದಳು. ಎಲ್ಲಿಗೆಂದು ವಠಾರದಲ್ಲಿ ಯಾರಿಗೂ ಹೇಳಿರಲಿಲ್ಲ. ಪಾರ್ಕ್ ಬೇಕೇ ಬೇಕಿತ್ತು, ಈಗಲೂ ಅದನ್ನೇ ಹೇಳುತ್ತೇನೆ. ದಿನಾ ಹೋಗುತ್ತೇನೆ. ಯಾರೂ ತಡೆಯುವುದಿಲ್ಲ, ಯಾರೂ ಒಂದು ಮಾತು ಅನ್ನುವುದಿಲ್ಲ. ಥೂ, ಅದೂ ಒಂದು ನಡಿಗೆಯೇ!