ತೂಕದಣ್ಣನ ಅಂದಾಜು

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ತೂಕದಣ್ಣ ಕಾರ್ಖಾನೆಯ ತಾರಸಿಯ ಮೇಲೆ ಹಳೆಯ ಉಕ್ಕಿನ ತೊಟ್ಟಿಯನ್ನು ಸ್ಪ್ಯಾನರಿನಿಂದ ತಟ್ಟುತ್ತಿದ್ದ. ಮೇಲೆ ಟಣ್ಣೆಂದಿತು, ಬುಡದಲ್ಲಿ, ಮೊಣಕಾಲೆತ್ತರದವರೆಗೆ, ದಬ್ಬೆಂದಿತು.

ಕ್ರೇನಿಗೆ ಸಾಮಾನು ಕಟ್ಟಿಸುವ ಕೆಲಸ ಅವನದು, ಇಪ್ಪತ್ತಾರು ವರ್ಷದಿಂದ. ಎತ್ತುವ ಮೊದಲು ಸುತ್ತ ಒಮ್ಮೆ ನಡೆದು ತೂಕವನ್ನು ಗಟ್ಟಿಯಾಗಿ ಹೇಳುತ್ತಿದ್ದ. ಇನ್ನೂರು ಕೆಜಿಗಿಂತ ಹೆಚ್ಚು ತಪ್ಪಿದ್ದಿಲ್ಲ; ಹೆಸರು ಬಂದದ್ದೇ ಹಾಗೆ. ಹೋದ ವರ್ಷ ಕಂಪನಿ ಎಲ್ಲರ ಫೋನಿಗೂ ಎಐ ಹಾಕಿಸಿತು. ಮೊದಮೊದಲು ತಾನು ಹೇಳಿ ಆಮೇಲೆ ಅದನ್ನು ಕೇಳುತ್ತಿದ್ದ. ಬರಬರುತ್ತ ಅದನ್ನು ಕೇಳಿ ಹೂಂಗುಟ್ಟುವುದಷ್ಟೇ ಆಯಿತು. "ಉಪ್ಪು ಸಾಕಾ ಅಂತಲೂ ಅದನ್ನೇ ಕೇಳಿ," ಎಂದು ಹೆಂಡತಿ ಛೇಡಿಸುತ್ತಿದ್ದಳು.

ಇವತ್ತು ಅದು ನಕ್ಷೆ ನೋಡಿ ಎರಡು ಟನ್ ಇನ್ನೂರು ಕೆಜಿ ಎಂದಿತ್ತು. ಉಕ್ಕಿನ ಲೆಕ್ಕ ಸರಿಯೇ. ಒಳಗೆ ಗಟ್ಟಿಗಟ್ಟಿದ ಕೆಸರು ನಕ್ಷೆಯಲ್ಲಿರಲಿಲ್ಲ; ಮುಚ್ಚಳ ತುಕ್ಕು ಹಿಡಿದು ತೆರೆಯುತ್ತಿರಲಿಲ್ಲ. ಕೆಳಗಿದ್ದ ಕ್ರೇನು ಅಷ್ಟು ದೂರ ತೋಳು ಚಾಚಿದರೆ ತಾಳುವುದು ನಾಲ್ಕು ಟನ್. ಮೀರಿದರೆ ಮಗುಚುತ್ತದೆ. ಅದರ ಕ್ಯಾಬಿನ್ನಿನಲ್ಲಿ ಕೂತಿದ್ದವನು ತೂಕದಣ್ಣನ ಹೆಂಡತಿಯ ತಮ್ಮ.

"ಭಾವ, ಎತ್ತಲಾ?" ವಾಕಿಟಾಕಿ ಗೊರಗುಟ್ಟಿತು. "ಕೂತೂ ಕೂತೂ ಬೇರು ಬಿಡ್ತಿದೀನಿ."

"ಲಿವರ್ ಮುಟ್ಟಿದ್ರೆ ನೋಡು!"

ಪಕ್ಕದಲ್ಲಿದ್ದ ಎಂಜಿನಿಯರ್ ಗಡಿಯಾರ ನೋಡಿಕೊಂಡಳು. "ಯಾಕಣ್ಣ? ಎರಡೂ ಚಿಲ್ರೆ ಟನ್ ತಾನೇ?"

"ಒಳಗೆ ಕೆಸರಿದೆ ಮೇಡಂ."

"ಎಷ್ಟಿದೆ? ದೊಡ್ಡ ಕ್ರೇನ್ ಕೇಳ್ಬೇಕಾದ್ರೆ ಒಂದು ನಂಬರ್ ಹೇಳ್ಬೇಕು. 'ದಬ್ ಅಂತು' ಅಂತ ಹೇಳಕ್ಕಾಗತ್ತಾ?"

ಅವನ ಕೈ ಫೋನಿನತ್ತ ಹೋಯಿತು. ಕೆಸರು ಎಷ್ಟು ಗಟ್ಟಿ, ಎಷ್ಟು ಒದ್ದೆ ಎಂದು ಅದು ತಿರುಗಿ ತನ್ನನ್ನೇ ಕೇಳುತ್ತದೆ ಎಂದು ಹೊಳೆದು, ಕೈ ಹಿಂತೆಗೆದ.

ತೊಟ್ಟಿಯ ಸುತ್ತ ನಡೆದ. ಹಿಂದಾದರೆ ಅರ್ಧ ಸುತ್ತಿಗೇ ಸಂಖ್ಯೆ ನಾಲಿಗೆಗೆ ಬರುತ್ತಿತ್ತು. ಬರಲಿಲ್ಲ. ಎರಡನೇ ಸುತ್ತಿಗೂ ಇಲ್ಲ. ಅಂಗಿ ಬೆನ್ನಿಗೆ ಅಂಟಿತು. ವಾಕಿಟಾಕಿ ಮತ್ತೆ "ಭಾವ?" ಎಂದಿತು. ಮೂರನೆಯ ಸುತ್ತಿನಲ್ಲಿ ಅಂಗೈಯಿಟ್ಟು, ಗೇಣು ಗೇಣಿಗೂ ತಟ್ಟಿ ಆಲಿಸಿದ. ಕಣ್ಣು ಮುಚ್ಚಿಕೊಂಡು ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದ. ಎಂಜಿನಿಯರ್ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು ದೊಡ್ಡ ಕ್ರೇನಿಗೆ ಫೋನ್ ಮಾಡಿದಳು.

ಮಧ್ಯಾಹ್ನ ತೊಟ್ಟಿ ಮೇಲೆದ್ದಾಗ ದೊಡ್ಡ ಕ್ರೇನಿನ ಪರದೆ ಆರು ಟನ್ ನೂರು ಕೆಜಿ ತೋರಿಸಿತು. ಭಾವಮೈದನ ಮುಖ ಬಿಳಿಚಿಕೊಂಡಿತು. "ಬದುಕಿಸಿದ್ರಿ ಭಾವ."

"ಆರುನೂರು ಕೆಜಿ ತಪ್ಪಿದೀನಿ ಕಣೋ."

"ಅಕ್ಕಂಗೆ ಹೇಳಲ್ಲ ಬಿಡಿ."

ತೂಕದಣ್ಣ ನಗಲಿಲ್ಲ. ಎಂಜಿನಿಯರ್ ಕೈಯಿಂದ ಆ ಪುಸ್ತಕವನ್ನು ಕೇಳಿ ಪಡೆದು, ಬೆಳಿಗ್ಗೆ ತಾನು ಹೇಳಿದ್ದನ್ನು ಇನ್ನೊಮ್ಮೆ ಓದಿಕೊಂಡ: ಐದೂವರೆ ಟನ್.