ಕೂಸಿಗೆ ಹೇಳಿಯೇ ಹೋಗಬೇಕು: ಖಣಿಯ ಅನಸುಬಾಯಿಯ ಕಟ್ಟಳೆ

ಶಹಾಬಾದಿನ ಈ ಖಣಿಯಲ್ಲಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆಯುವಲ್ಲಿ, ಹೆಣ್ಣಾಳಿಗೆ ದಿನಕ್ಕೆ ಎರಡೂವರೆ ರೂಪಾಯಿ. ಅದರಲ್ಲಿ ಕೂಸು ನೋಡಿಕೊಳ್ಳುವ ಅನಸುಬಾಯಿಗೆ ಹದಿನೈದು ಪೈಸೆ. ಕೆಲಸದ ನಡುವೆ ಎದ್ದು ಬಂದು ಕೂಸನ್ನು ಎತ್ತಿಕೊಂಡರೆ ಆಳುಗಳ ಮೇಲ್ವಿಚಾರಕ ಮುಕಾದಮ ಕೂಲಿಯಲ್ಲಿ ಹಿಡಿಯುವುದು ನಾಲ್ಕಾಣೆ. ಕೂಸನ್ನು ಇಡೀ ದಿನ ಬಿಟ್ಟಿರುವುದಕ್ಕಿಂತ ಒಂದು ಗಳಿಗೆ ಎತ್ತಿಕೊಳ್ಳುವುದೇ ಇಲ್ಲಿ ತುಟ್ಟಿ.

ಹೊತ್ತು ಮೂಡುವ ಮೊದಲೇ ಅನಸುಬಾಯಿ ಖಣಿಯ ಅಂಚಿನ ತಗಡಿನ ಶೆಡ್ಡಿನಲ್ಲಿ ಕೂಸುಗಳನ್ನು ಮಲಗಿಸಲು ಹಳೆ ಸೀರೆಗಳ ಜೋಳಿಗೆ ಕಟ್ಟುತ್ತಿದ್ದಾರೆ. ವಯಸ್ಸು ಅರವತ್ತರ ಹತ್ತಿರ. ಕೂಸುಗಳು ಹದಿನಾಲ್ಕು, ಜೋಳಿಗೆ ಒಂಬತ್ತು. ಒಬ್ಬ ತಾಯಿ ಮಗುವಿನ ಕೈಗೆ ಬೆಲ್ಲದ ಚೂರು ಕೊಟ್ಟು, ಅದು ಚೀಪುತ್ತಿರುವಾಗ ಮೆಲ್ಲಗೆ ಹಿಂದೆ ಸರಿಯುತ್ತಾಳೆ.

"ಏ ಶರಣಬಸಮ್ಮ, ಕಳ್ಳಿ ಹಂಗ ಎಲ್ಲಿಗಿ ಹೊಂಟಿ? ಕೂಸಿಗಿ ಹೇಳಿ ಹೋಗು!"

"ಹೇಳಿದ್ರ ಅಳ್ತದಲ್ಲ ಆಯಿ."

"ಅಳ್ಳಿ. ನಿನ್ನ ಗಂಡ ಹೇಳ್ದೆ ಹ್ವಾದ್ರ ಓಣಿಗೆಲ್ಲ ಕೇಳೂ ಹಂಗ ಒದರ್ತಿ. ಕೂಸು ಮಾತ್ರ ಸುಮ್ನಿರಬೇಕಾ?"

ಹೆಂಗಸರೆಲ್ಲ ನಗುತ್ತಾರೆ. ಶರಣಬಸಮ್ಮ ತಿರುಗಿ ಬಂದು, ಹೇಳಿ, ಅಳಿಸಿಯೇ ಹೋಗುತ್ತಾಳೆ.

"ಕದ್ದು ಹ್ವಾದ್ರ ಕೂಸು ಆಡೂದೇ ಬಿಡ್ತದ್ರಿ," ಎಂದು ಅನಸುಬಾಯಿ ನನಗೆ ಹೇಳುತ್ತಾರೆ. "ತಾ ಆಡ್ಲಾಕತ್ತಾಗ ಅವ್ವ ಮಾಯ ಆದಳಂತ ಅದಕ ತಿಳದಿರ್ತದ. ಮರುದಿನದಿಂದ ಕಾವಲಾ ಕೂಡ್ತದ."

ಇದನ್ನು ಅವರಿಗೆ ಯಾರೂ ಕಲಿಸಿಲ್ಲ. ಗಂಡ ಲಾಲಪ್ಪ ತೀರಿಕೊಂಡಾಗ ಮಗಳು ಮಾಣಿಕಮ್ಮನಿಗೆ ಎರಡು ವರ್ಷ. ಮಲಗಿದ್ದ ಮಗುವನ್ನು ನಾದಿನಿಯ ಹತ್ತಿರ ಬಿಟ್ಟು ಇವರು ಸೊಲ್ಲಾಪುರದ ಗಿರಣಿಗೆ ಹೋದರು. ತಿರುಗಿ ಬಂದದ್ದು ಒಂದು ವರ್ಷದ ಮೇಲೆ. ಮಾಣಿಕಮ್ಮ ಈಗ ಕೋಡ್ಲಾದಲ್ಲಿ ಬಾಳುತ್ತಿದ್ದಾಳೆ. ಚೊಚ್ಚಲ ಬಾಣಂತನಕ್ಕೆ ಅವಳು ಹೋದದ್ದು ತಾಯಿಯ ಮನೆಗಲ್ಲ, ಆ ಸೋದರತ್ತೆಯ ಮನೆಗೆ. "ಆಕಿದೇನು ತಪ್ಪಿಲ್ರಿ," ಎಂದಷ್ಟೇ ಹೇಳಿ ಅನಸುಬಾಯಿ ಒಂದು ಜೋಳಿಗೆ ತೂಗುತ್ತಾರೆ.

ಈಗ ಅವರ ಚಿಂತೆಯೆಲ್ಲ ಎರಡೂವರೆ ವರ್ಷದ ಮರೆಮ್ಮನದು. ಅವಳ ತಾಯಿ ದ್ರೌಪದಿ ಟಿ.ಬಿ. ಆಗಿ ಐದು ತಿಂಗಳು ಕಲಬುರ್ಗಿಯ ಆಸ್ಪತ್ರೆಯಲ್ಲಿದ್ದಳು. ಮಗು ಊರಲ್ಲಿ ಅಜ್ಜಿಯ ಹತ್ತಿರವಿತ್ತು. ದ್ರೌಪದಿ ಗುಣವಾಗಿ ಖಣಿಯ ಕೆಲಸಕ್ಕೆ ತಿರುಗಿ ಬಂದಿದ್ದಾಳೆ, ಆದರೆ ಮಗು ಅವಳನ್ನು ಅವ್ವ ಎನ್ನುವುದಿಲ್ಲ. ಮೊದಲು ಆಡುತ್ತಿದ್ದ ನಾಲ್ಕು ಮಾತೂ ನಿಂತಿವೆ. ಯಾರು ಕರೆದರೂ ತೊಡೆಯೇರುತ್ತದೆ, ಯಾರು ಹೋದರೂ ಅಳುವುದಿಲ್ಲ.

"ಭಾಳ ಶ್ಯಾಣೆ ಕೂಸು ಅಂತಾರ ಮಂದಿ," ಎನ್ನುತ್ತಾರೆ ಅನಸುಬಾಯಿ. "ಶ್ಯಾಣೆತನ ಅಲ್ರಿ ಅದು. ಆಸೆ ಬಿಟ್ಟದ."

ದ್ರೌಪದಿ ದಿನಕ್ಕೆ ಮೂರು ಸಲ ಬಂದು ಮಗುವಿನ ಹತ್ತಿರ ಕೂರಬೇಕು, ಪ್ರತಿ ಸಲವೂ ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು ಎಂಬುದು ಇವರ ಮದ್ದು. ಕೂಲಿ ಹಿಡಿಯದಂತೆ ಮುಕಾದಮ ಗುರುಲಿಂಗಯ್ಯನನ್ನು ಒಪ್ಪಿಸಿದ್ದೂ ಇವರೇ.

"ನಾಲ್ಕಾಣೆ ಹಿಡೀರಿ. ನಾಳಿಗಿ ಹದಿನಾಲ್ಕೂ ಕೂಸು ನಿಮ್ಮ ಕಚೇರ್ಯಾಗ ಬಿಟ್ಟು ನಾ ಮನ್ಯಾಗ ಕುಂದರ್ತೀನಿ."

"ಬ್ಯಾಡ ಬ್ಯಾಡ ಆಯಿ, ಬರ್ಲಿ ಬಿಡು!"

ನಾನು ಹೋದದ್ದು ಈ ಮದ್ದು ಶುರುವಾದ ಹತ್ತೊಂಬತ್ತನೆಯ ದಿನ. ಮಧ್ಯಾಹ್ನ ದ್ರೌಪದಿ ಕಲ್ಲಿನ ಧೂಳು ಕೊಡವುತ್ತ ಬಂದು, "ಬಂದೀನಿ ಮರೆವ್ವ," ಎಂದು ಕೂರುತ್ತಾಳೆ. ಮಗು ನೋಡುತ್ತದೆ. ನಡೆದು ಬಂದು ತಾಯಿಯ ಕೆನ್ನೆಗೆ ಹೊಡೆಯುತ್ತದೆ. ಮತ್ತೊಮ್ಮೆ ಹೊಡೆಯುತ್ತದೆ.

"ನನ್ನ ಕಂಡ್ರ ಆಗವಲ್ದು ಆಯಿ ಇದಕ," ಎನ್ನುತ್ತ ದ್ರೌಪದಿ ಮಗುವಿನ ಕೈ ಹಿಡಿಯಹೋಗುತ್ತಾಳೆ.

"ಹುಚ್ಚಿ, ಕೈ ಹಿಡೀಬ್ಯಾಡ, ಬಡಿಸಿಕೋ. ಐದ ತಿಂಗಳ ಸಿಟ್ಟದು. ಹೊರಗಿನ ಮಂದಿ ಮ್ಯಾಲ ಯಾರರೆ ಹಿಂಗ ಸಿಟ್ಟಿಗೇಳ್ತಾರೇನು? ನೀ ಅವ್ವ ಅಂತ ಅದಕ ಗುರ್ತ ಹತ್ತ್ಯದ."

ಹೊಡೆದು ಹೊಡೆದು ದಣಿದ ಮಗು ತಾಯಿಯ ಹೆಗಲಿಗೆ ಮುಖವಿಟ್ಟು ಬಿಕ್ಕುತ್ತದೆ. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತದೆ. ಅವಳು ಹೇಳಿ ಹೊರಟಾಗ ಖಣಿಗೆಲ್ಲ ಕೇಳುವಂತೆ ಚೀರುತ್ತದೆ. ಅನಸುಬಾಯಿ ಅದನ್ನು ಸುಮ್ಮನಾಗಿಸಲು ಅವಸರ ಮಾಡುವುದಿಲ್ಲ.

"ಹ್ವಾದ ಐದ ತಿಂಗಳು ಹ್ವಾದ್ವುರಿ, ಅವು ತಿರುಗಿ ಬರಂಗಿಲ್ಲ," ಎನ್ನುತ್ತಾರೆ. "ಮಾತೂ ಇನ್ನಾ ಬಂದಿಲ್ಲ. ಆದ್ರ ಕೂಸಿಗಿ ಅವ್ವ ಸಿಕ್ಕಳು."