ಮಾವಯ್ಯನ ಮೂರು ಬೆಂಕಿಗಳು

ಈಚೆಗೆ ಯಾರಾದರೂ ಬೀಡಿ ಹೊತ್ತಿಸಿದರೂ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಗುಂಡ್ಲುಪೇಟೆಯ ಮಕ್ಕಳಿಗೆ ದಹನಕ್ರಿಯೆಯ ಪಾಠ ಹೇಳುವ ಮೇಷ್ಟರಿಗೆ ಇದು ಶೋಭೆಯಲ್ಲ. ಏನು ಮಾಡಲಿ, ಪುಸ್ತಕದ ಬೆಂಕಿ ಸೂರಿಗೆ ಏರುವುದಿಲ್ಲ.

ಚಂದಕವಾಡಿಯ ನನ್ನ ಸೋದರಮಾವ ಅಗ್ನಿಹೋತ್ರಿ. ನಮ್ಮಂಥವರ ಮನೆಯಲ್ಲಿ ಬೆಂಕಿಯೆಂದರೆ ಒಲೆಯದು. ಹೆಚ್ಚೆಂದರೆ ಗೃಹಪ್ರವೇಶಕ್ಕೊಂದು ಗಣಹೋಮ. ಮಾವಯ್ಯನದು ಮೂರು ಬೆಂಕಿಯ ಸಂಸಾರ. ದುಂಡು ಕುಂಡದಲ್ಲಿ ಎಂದೂ ಆರದ ಗಾರ್ಹಪತ್ಯ. ಅದರ ಕೆಂಡದಿಂದ ಚೌಕ ಕುಂಡದಲ್ಲಿ ದೇವತೆಗಳಿಗಾಗಿ ಆಹವನೀಯ. ಅರ್ಧಚಂದ್ರದ ಕುಂಡದಲ್ಲಿ ಪಿತೃಗಳಿಗಾಗಿ ದಕ್ಷಿಣಾಗ್ನಿ. ಬೆಳಗ್ಗೆ ಸಂಜೆ ಹಾಲಿನ ಆಹುತಿ, ಅಮಾವಾಸ್ಯೆ ಹುಣ್ಣಿಮೆಗೆ ಇಷ್ಟಿಯೆಂಬ ಸಣ್ಣ ಯಾಗ. ಈ ಬೆಂಕಿಗಾಗಿ ಗಂಡ ಹೆಂಡತಿ ಒಟ್ಟಿಗೆ ಊರ ಗಡಿ ದಾಟಿದವರಲ್ಲ. ನನ್ನ ಮದುವೆಗೂ ಮಾವಯ್ಯ ಒಬ್ಬರೇ ಬಂದು, "ಕೂಸು ಮಲಗಿದೆ, ನಿಮ್ಮತ್ತೆ ಕಾಯ್ತಿದಾಳೆ" ಎಂದಿದ್ದರು.

ಹೋದ ಫಾಲ್ಗುಣದ ಒಂದು ಸಂಜೆ, ನಾನು ಅಲ್ಲಿದ್ದಾಗಲೇ, ಗಾಳಿಗೆ ಕಿಡಿಯೊಂದು ಅಗ್ನಿಶಾಲೆಯ ಹುಲ್ಲುಸೂರಿಗೆ ಹಾರಿತು. ಎಲ್ಲರೂ ಹೊರಗೋಡಿದೆವು. ಅತ್ತೆ ಮಾತ್ರ ಏನೋ ನೆನಪಾದವರಂತೆ ತಿರುಗಿ ಒಳಹೊಕ್ಕರು. ಉರಿಯುವ ಸೂರು ಗಾರ್ಹಪತ್ಯದ ಪಕ್ಕದ ಬೆರಣಿ ರಾಶಿಯ ಮೇಲೆ ಕುಸಿದು, ಕುಂಡದಿಂದ ಬಾಗಿಲವರೆಗೂ ಬೆಂಕಿ ಅಡ್ಡವಾಯಿತು.

ನೆರೆಯ ಮಾದಪ್ಪ ಕೇರಿಯವರನ್ನೆಲ್ಲ ಕೊಡ ಹೊರಿಸಿ ಕರೆತಂದ. ಗೋಡೆಗೆ ನೀರು ಬಿತ್ತು, ಸೂರಿಗೆ ಬಿತ್ತು. ಕುಂಡದ ಕಡೆಗೆ ಹನಿಯೂ ಬೀಳಲಿಲ್ಲ.

"ಅಲ್ಲಿಗೆ ಉಯ್ಯೋ!" ಎಂದು ಕಿರುಚಿದೆ.

"ಐನೋರ ಬೆಂಕಿ ಕಣ್ ಮೇಷ್ಟ್ರೇ ಅದು! ನೀರಾಕ್ಬುಟ್ರೆ ನನ್ ವಂಸ ಉಳ್ದಾದಾ?"

ಕೊಡ ನನ್ನ ಕೈಯಲ್ಲೂ ಇತ್ತು. ಬಿಎಸ್ಸಿ ಓದಿದ ನನ್ನ ಕೈಯೂ ಏಳಲಿಲ್ಲ.

ಮಾವಯ್ಯ ಮಾದಪ್ಪನ ಕೊಡ ಕಿತ್ತುಕೊಂಡರು. ಹರೆಯದಿಂದ ಹಾಲೆರೆದು ಸಾಕಿದ ಬೆಂಕಿಯ ಮೇಲೆ ತಾವೇ ಸುರಿದರು. "ಉಯ್ರಪ್ಪಾ, ಎಲ್ಲಾರೂ ಇಲ್ಲಿಗೇ ಉಯ್ರಿ!" ಕುಂಡ ಸುಯ್ಯೆಂದಿತು. ಆ ಸದ್ದು ಈಗಲೂ ನಿದ್ದೆಗೆಡಿಸುತ್ತದೆ.

ಹೊಗೆಯೊಳಗಿಂದ ಅತ್ತೆ ಕೆಮ್ಮುತ್ತ ಬಂದರು. ಸೆರಗಿನಲ್ಲಿ ಅರಳಿಮರದ ಎರಡು ತುಂಡು: ಬೆಂಕಿ ಕಡೆಯುವ ಅರಣಿ.

"ಇದಕ್ಕೆ ಹೋಗಿದ್ಯೇನೇ?" ಮಾವಯ್ಯ ಬರಿಗೊಡ ಕೆಳಗಿಟ್ಟರು.

"ನೀವು ನೀರು ಹಾಕೇ ಹಾಕ್ತೀರಿ ಅಂತ ಗೊತ್ತಿತ್ತು. ಆಮೇಲೆ ಏನು ಮಾಡ್ತಿದ್ರಿ?"

ಬೆಳಗ್ಗೆ ಇಬ್ಬರೂ ಕೂತು ಅರಣಿ ಕಡೆದರು. ಮೊದಲು ಹೊಗೆ, ಆಮೇಲೆ ಸಾಸಿವೆಯಷ್ಟು ಕೆಂಪು. ಘರ್ಷಣೆಯ ಶಾಖವೆಂದು ತರಗತಿಯಲ್ಲಿ ನಾನೇ ಹೇಳುತ್ತೇನೆ. ಆದರೂ ಕೈ ತಾನಾಗಿ ಮುಗಿದಿತ್ತು. ನಮ್ಮ ಹಿರಿಯರು ಎಂಥವರು ನೋಡಿ: ಅಗ್ನಿಹೋತ್ರಿಯ ಮನೆ ಸುಟ್ಟ ಅಗ್ನಿಗೂ ಕ್ಷಾಮವಾನ್ ಎಂದು ಹೆಸರಿಟ್ಟು, ಅವನಿಗೂ ಒಂದು ಇಷ್ಟಿ ಇಟ್ಟಿದ್ದಾರೆ.

ಮಾವಯ್ಯ ಅದಕ್ಕೆ ಅಣಿಯಾಗುವುದನ್ನು ಕಂಡು ಮಾದಪ್ಪನಿಗೆ ತಡೆಯಲಾಗಲಿಲ್ಲ. "ಮನೆ ಸುಟ್ಟೋನ್ಗೇ ಉಣ್ಣಕ್ಕಿಕ್ಕೀರಾ ಐನೋರೆ?"

"ಇಷ್ಟು ವರ್ಷ ಬರೀ ಹಾಲು ಕೊಟ್ಟೆ ಕಣಯ್ಯ. ಅವನ ಹೊಟ್ಟೆ ಎಷ್ಟು ದೊಡ್ಡದು ಅಂತ ನಿನ್ನೆ ಗೊತ್ತಾಯ್ತು."

ಆಹುತಿಗೆ ಕೂರುವ ಮುನ್ನ ಮಾವಯ್ಯ ಅತ್ತೆಯ ಮಣೆಯನ್ನು ಕುಂಡದ ಬಳಿಯಿಂದ ಬಾಗಿಲ ಪಕ್ಕಕ್ಕೆ ಎಳೆದಿಟ್ಟರು.

"ಪತ್ನಿ ಇಲ್ಲಿ ಕೂರಬೇಕು ಅಂತ ಯಾವ ಶಾಸ್ತ್ರದಲ್ಲಿದೆ?" ಎಂದರು ಅತ್ತೆ.

"ಇವತ್ತಿನಿಂದ ಇದೆ, ಕೂತ್ಕೋ."